ಬಾಗಿಲಾಚೆ ನಿಂತ ಚಂದ್ರಕಲಾ

ಇವತ್ತು ಬೆಳಿಗ್ಗೆ ಹೊನ್ನಾಳಿಯಲ್ಲಿ ಬಸ್ಸಿಳಿದಾಗ ಯಾರೋ ಹಸಿ ಶೇಂಗಾ ಬೇಯಿಸುತ್ತಿದ್ದರು. ಆ ಉಪ್ಪು ಹಬೆ ಮೂಗಿಗೆ ತಾಗಿದರೆ ಸಾಕು, ನನ್ನ ಮನಸ್ಸು ಜಗಳೂರಿನ ಬಸ್ಸು ಹತ್ತಿಬಿಡುತ್ತದೆ. ನಿಮಗೂ ಹೀಗಾಗುವುದುಂಟೋ ಏನೋ. ಒಂದೊಂದು ವಾಸನೆಗೆ ಒಬ್ಬೊಬ್ಬರು ಅಂಟಿಕೊಂಡಿರುತ್ತಾರೆ.

ಅಲ್ಲಿನ ಪ್ರೌಢಶಾಲೆಗೆ ನಾನು ವಾರಕ್ಕೊಮ್ಮೆ ಆಪ್ತಸಮಾಲೋಚಕಿಯಾಗಿ ಹೋಗುತ್ತಿದ್ದ ಕಾಲ. ಕಲಿಕೆಯಲ್ಲಿ ತೊಡಕಿರುವ ಮಕ್ಕಳ ಜೊತೆ ಕೂತು ಮಾತಾಡುವುದು ಕೆಲಸ. ಹೆಡ್‌ಮಾಸ್ಟರು ಮೊದಲ ದಿನವೇ ಪ್ರಾರ್ಥನೆಯ ಹೊತ್ತಿಗೆ, “ನಿಮ್ಮ ಮನಸ್ನಾಗೆ ಏನೈತೆ ಅಂತ ಈ ಮೇಡಂ ಓದಿಬಿಡ್ತಾರೆ” ಎಂದುಬಿಟ್ಟರು. ಮಕ್ಕಳು ನನ್ನನ್ನು ಕಂಡರೆ ಓಡತೊಡಗಿದರು. ನನಗೆ ಕೊಟ್ಟಿದ್ದ ಆಟದ ಸಾಮಾನಿನ ಕೋಣೆಯಲ್ಲಿ, ವಾಲಿಬಾಲ್ ನೆಟ್ಟು, ಕಾಲು ಮುರಿದ ಬೆಂಚುಗಳ ನಡುವೆ ನನ್ನ ಮನಸ್ಸನ್ನು ನಾನೇ ಓದಿಕೊಂಡು ಕೂತಿರುತ್ತಿದ್ದೆ.

ತಾನಾಗಿ ಒಳಗೆ ಬಂದವಳು ಎಸ್ಸೆಸ್ಸೆಲ್ಸಿಯ ಚಂದ್ರಕಲಾ. ಗ್ರಹಣ ಹೇಗಾಗುತ್ತದೆಂದು ಕೇಳಿದರೆ ಚೆಂಡುಗಳನ್ನಿಟ್ಟು ತೋರಿಸುವಳು. ಅದನ್ನೇ ಬರೆ ಎಂದರೆ ಒತ್ತಕ್ಷರಗಳು ಮಾಯ. ‘ಪ’, ‘ಷ’ ಒಂದಾಗಿಬಿಡುತ್ತಿದ್ದವು. ತರಗತಿಯಲ್ಲಿ ಅವಳ ಹೆಸರೇ ದಡ್ಡಿ. ಆಸ್ಪತ್ರೆಯಲ್ಲಿ ಪರೀಕ್ಷಿಸಿ, ಕಲಿಕೆಯ ತೊಡಕನ್ನು ಅಂಗವೈಕಲ್ಯವೆಂದು ಬರೆದು ಸರ್ಟಿಫಿಕೇಟು ಕೊಟ್ಟರೆ, ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನು ಇನ್ನೊಬ್ಬರು ಬರೆಯಬಹುದಿತ್ತು. ಅದನ್ನು ವಿವರಿಸಲು ತಾಯಿ ರತ್ನಮ್ಮನನ್ನು ಕರೆಸಿ, ಮಗಳನ್ನು ಬಾಗಿಲಾಚೆ ನಿಲ್ಲಿಸಿದೆ.

ರತ್ನಮ್ಮ ಬೇಯಿಸಿದ ಶೇಂಗಾ ತಂದು ನನ್ನ ಮೇಜಿನ ಮೇಲೆ ಸುರಿದರು. “ತಿನ್ರಿ ಮೇಡಂ, ನಮ್ಮ ಹೊಲದ್ದು.” ನಾನು ಕಲಿತದ್ದನ್ನೆಲ್ಲ ಒದರಿದೆ. ಎಲ್ಲವನ್ನೂ ಕೇಳಿಸಿಕೊಂಡ ಆಕೆ ಎದ್ದು ನಿಂತರು.

“ಅಂಗವಿಕಲೆ ಅಂತ ಬರ್ಸಾಕೆ ನಾನು ಒಪ್ಪಂಗಿಲ್ಲ. ನಾಳೆ ನೋಡಾಕೆ ಬಂದ ಗಂಡಿನ ಕಡೆಯೋರಿಗೆ ಏನ್ ಹೇಳ್ಲಿ?”

ಆಕೆಯ ಭಯ ಸುಳ್ಳಾಗಿರಲಿಲ್ಲ. ಅಷ್ಟರಲ್ಲಿ ಚಂದ್ರಕಲಾ ಒಳಗೆ ಬಂದಳು.

“ಅವ್ವಾ, ನನ್ನ ದಡ್ಡಿ ಅನ್ನಾಕೆ ಯಾರೂ ಸರ್ಟಿಫಿಕೇಟ್ ಕೇಳ್ಲಿಲ್ಲ. ಅಲ್ಲ ಅನ್ನಾಕೆ ಒಂದು ಬೇಕಾಗೈತೆ. ಮಾಡ್ಸಿಕೊಡು.”

“ದಡ್ಡಿ ಅಂತಾರಾ ನಿನ್ನ? ಮನೇಲಿ ಯಾಕೆ ಹೇಳ್ಲಿಲ್ಲ?”

“ನೀನೂ ಅಂತೀಯಲ್ಲವ್ವಾ.”

ರತ್ನಮ್ಮ ಮತ್ತೆ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡು, “ದಾವಣಗೆರೆ ದೊಡ್ಡಾಸ್ಪತ್ರೆಗೆ ಯಾವ ಬಸ್ಸಿಗೆ ಹೋಗ್ಬೇಕ್ರಿ?” ಎಂದರು.

ಆ ವರ್ಷ ಪರೀಕ್ಷೆಯಲ್ಲಿ ಚಂದ್ರಕಲಾ ಹೇಳಿದಳು, ಕೆಳಗಿನ ತರಗತಿಯ ಹುಡುಗಿಯೊಬ್ಬಳು ಬರೆದಳು. ಪಾಸಾದಳು. ಈಗ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಓದುವುದೆಂದರೆ ಇಂದಿಗೂ ಏರುದಾರಿಯೇ ಅಂತೆ. ಸರ್ಟಿಫಿಕೇಟಿನ ಸುದ್ದಿ ತಿಳಿದು ಒಂದು ಸಂಬಂಧ ತಪ್ಪಿದ್ದೂ ಉಂಟು. “ಹೋದ್ರೆ ಹೋಗ್ಲಿ ಬಿಡ್ರಿ, ನನ್ನ ಮಗಳ ಮಾತು ಕೇಳೋರು ಬರ್ಲಿ” ಎಂದು ರತ್ನಮ್ಮನೇ ಫೋನಿನಲ್ಲಿ ನನಗೆ ಸಮಾಧಾನ ಹೇಳಿದರು.

ಹೊನ್ನಾಳಿಯ ಶಾಲೆಯಲ್ಲಿ ಇಂದು ಒಬ್ಬ ತಂದೆ ಕಾದಿದ್ದರು. “ನಮ್ಮ ಹುಡುಗಿ ತಲೆಗೆ ಏನೂ ಹತ್ತಂಗಿಲ್ಲ ಮೇಡಂ” ಎಂದು ಶುರುಮಾಡಿದರು. ಸ್ವಲ್ಪ ತಡೆಯಿರಿ ಎಂದು, ವರಾಂಡದಲ್ಲಿ ನಿಂತಿದ್ದ ಹುಡುಗಿಯನ್ನು ಕರೆದು ನನ್ನ ಕುರ್ಚಿಯಲ್ಲೇ ಕೂರಿಸಿದೆ.

“ಮೊದಲು ನೀನು ಹೇಳವ್ವ.”

ಅವಳು ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಅಪ್ಪ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅವಳ ಮಾತು ಶುರುವಾಗಿತ್ತು.