ಒಲೆ ಬೂದಿ ಹೊರೋ ಬಾಯ್ನಾ

ಕೋಳಿ ಇನ್ನೂ ಕೂಗಿಲ್ಲ, ಬಾಯ್ನಾ ಆಗ್ಲೇ ನಮ್ಮನೆ ಒಲೆಗೆ ತಲೆ ತೂರಿಸಿದಾಳೆ. ಬೂದಿ ಬಾಚಿ ಬೆತ್ತದ ಬುಟ್ಟಿಗೆ ಸುರ್ಕೊಂಡು ಮುಂದಿನ ಮನೆಗೆ ಹೋಗ್ತಾಳೆ. ಈ ಮೆರಾತುಸ್ ಗುಡ್ಡದಲ್ಲಿ ಅವಳು ಬಾಚದ ಒಲೆ ಇಲ್ಲ. ತಲೆ ಬೆಳ್ಳಗಾಗಿರೋದು ವಯಸ್ಸಿಗೋ ಬೂದಿಗೋ, ಹೆತ್ತೋಳು ಎದ್ದು ಬಂದ್ರೂ ಹೇಳಕ್ಕಾಗಲ್ಲ. "ನನ್ನ ಒಲೇಲಿ ಚಿನ್ನ ಹೂತಿಟ್ಟಿದೀನೇನೆ?" ಅಂತ ರೇಗಿಸ್ತೀನಿ. "ಚಿನ್ನ ಇದ್ದಿದ್ರೆ ನಿನ್ನ ಗಂಡ ಅಷ್ಟು ಬೇಗ ಸಾಯ್ತಿರ್ಲಿಲ್ಲ ಕಣೆ" ಅಂತಾಳೆ.

ಮೊದ್ಲು ಬೂದಿಗೆ ಬರ ಇರ್ಲಿಲ್ಲ. ಕಾಡು ಕಡಿದು, ಒಣಗಿಸಿ, ಸುಟ್ಟು, ಆ ಬೂದೀಲೇ ಭತ್ತ ಹಾಕ್ತಿದ್ವಿ. ಗಂಡಸರು ಕೋಲಲ್ಲಿ ಗುಳಿ ಹೊಡೆಯೋರು, ನಾವು ಬೀಜ ಬಿಡೋರು. ಈಗ ಕಾಡು ಸುಡಬಾರ್ದು ಅಂತ ಸರ್ಕಾರದ ಕಾನೂನು, ಹೊಗೆ ಎದ್ರೆ ಪೊಲೀಸ್ನೋರು ಬರ್ತಾರೆ. ಬಾಯ್ನಾ ತಮ್ಮ ಅಂಚಾಯ್ ಒಂದು ತುಂಡು ನೆಲ ಸುಟ್ಟಿದ್ದಕ್ಕೆ ಜೈಲಿಗೆ ಹೋದ, ಅಲ್ಲೇ ಕೆಮ್ಮಿ ಕೆಮ್ಮಿ ಸತ್ತ. ಊರೆಲ್ಲ ಈಗ ಅಂಗಡಿ ಅಕ್ಕಿ ತಿನ್ನುತ್ತೆ.

ಅಜ್ಜಿಯರ ಕಾಲದ ಮೂರು ಬಗೆ ಭತ್ತದ ಬೀಜ ಕಾಯೋದು ಬಾಯ್ನಾ ಪಾಲಿಗೆ ಬಂದಿದೆ, ಬೇರೆ ಯಾರ ಹತ್ರಾನೂ ಅದಿಲ್ಲ. ಸುಡದ ನೆಲಕ್ಕೆ ಅದನ್ನ ಹಾಕ್ಬಾರ್ದು, ನಮ್ಮ ಕಟ್ಟಲೆ. ಸುಡಕ್ಕೆ ಬಿಡ್ತಾರೆ ಅಂತ ಹೋದ ವರ್ಷ ಕಾದ್ಲು, ಬಿಡ್ಲಿಲ್ಲ. ಬೀಜ ಅಟ್ಟದ ಮೇಲೇ ಉಳೀತು. ಈ ವರ್ಷವೂ ಕೂತ್ರೆ ಅದು ಮೊಳೆಯಲ್ಲ. ಅದಕ್ಕೇ ಹೊಲ ಸುಡೋ ಬದಲು ಈ ಒಲೆ ಬೂದಿ.

ಮಂತ್ರ ಹಾಕೋ ಹಿರಿಯ ಅಡ್ಡ ನಿಂತು ಬೈತಾನೆ. ಹೊಲ ಸುಟ್ಟ ಬೂದಿ ಬೇರೆ, ಅನ್ನ ಬೇಯಿಸಿದ ಬೂದಿ ಬೇರೆ, ಭತ್ತದ ಜೀವ ಮುನಿಸ್ಕೊಂಡು ಹೋಗುತ್ತೆ ಅಂತಾನೆ. ಬಾಯ್ನಾ ಬುಟ್ಟಿ ಇಳಿಸೋದೂ ಇಲ್ಲ.

"ಒಲೆ ಸೌದೆನೂ ಈ ಗುಡ್ಡದ್ದೇ ಅಲ್ವಾ ತಾತ. ಮುನಿಸ್ಕೊಂಡ್ರೆ ನನ್ನ ಮೇಲೆ ಮುನಿಸ್ಕೊಳ್ಳಲಿ."

ಏರು ಹೆಂಗಿದೆ ಅಂದ್ರೆ, ಮೂಗು ನೆಲಕ್ಕೆ ಉಜ್ಜುತ್ತೆ. ಮೇಲೆ ಅವಳ ಹೊಲ, ಇಬ್ಬರು ಮಲಗೋ ಚಾಪೆಯಷ್ಟು. ಬೂದಿ ಹರಡ್ತಾಳೆ. ಗುಳಿ ಹೊಡೆಯೋಳೂ ಅವಳೇ, ಬೀಜ ಬಿಡೋಳೂ ಅವಳೇ. ಮೊದ್ಲು ಹಾಕಿದ ಕೆಂಪು ಭತ್ತ ಮಣ್ಣಲ್ಲೇ ಕೊಳೀತು. ಕರಿ ಭತ್ತಾನೂ ಅಷ್ಟೆ. ಅವೆರಡೂ ಇನ್ನು ಲೋಕದಲ್ಲೇ ಇಲ್ಲ. ಉಳಿದಿರೋ ಸಣ್ಣ ಭತ್ತ ಮಾತ್ರ ಅಲ್ಲೊಂದು ಇಲ್ಲೊಂದು ಸೂಜಿಯಂಗೆ ಹಸಿರು ಚುಚ್ಚಿದೆ.

ಮೊನ್ನೆ ಅವಳ ಹಿಂದೆ ಹೊಲಕ್ಕೆ ಹತ್ತಿದಾಗ, ಹೊಸಕ್ಕಿ ಊಟ ಯಾವಾಗ ಹಾಕಿಸ್ತೀಯ ಅಂತ ಕೇಳಿದೆ. ತಿನ್ನೋದಲ್ಲ, ಹಾಕಿದಷ್ಟು ಬೀಜ ತಿರುಗಿ ಬಂದ್ರೆ ಸಾಕು ಅಂದ್ಲು. ಅಷ್ಟರಲ್ಲಿ ನೀನೇ ಹೋಗ್ಬಿಟ್ರೆ ಅಂತ ಕೆಣಕಿದೆ.

ಬಾಯ್ನಾ ಕೋಲು ನೆಲಕ್ಕೂರಿ ನನ್ನ ನೋಡಿದ್ಲು. "ಬೀಜಾನ ನಿನ್ನ ಅಟ್ಟದ ಮೇಲೆ ಇಟ್ಟೇ ಹೋಗ್ತೀನಿ. ಬೇಯಿಸ್ಕೊಂಡು ತಿಂದ್ಬಿಟ್ಟೀಯ ಮತ್ತೆ."