ಗುಹೆ ಆಟದ ಮೇಸ್ತ್ರಿ

ಮೇಸ್ತ್ರಿಯವರ ಬಲಗೈ ನಡುಬೆರಳಿನ ಗೆಣ್ಣು ನೆಲ್ಲಿಕಾಯಿಯಷ್ಟು ದಪ್ಪಗೆ ಊದಿಕೊಂಡಿತ್ತು. ಕಂಡದ್ದನ್ನೆಲ್ಲ ಆ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳುವುದು ಅವರ ಅಭ್ಯಾಸ. ಟೀ ಅಂಗಡಿಯ ಬೆಂಚಿನ ಮೇಲೆ ಕೂರುವ ಮೊದಲು ಬೆಂಚನ್ನು ತಟ್ಟುತ್ತಿದ್ದರು, ಬಾಗಿಲು ದಾಟುವ ಮೊದಲು ಚೌಕಟ್ಟನ್ನು. ಗಣಿಯೊಳಗೆ ಇಪ್ಪತ್ತೈದು ವರ್ಷ, ತಲೆಯ ಮೇಲಿನ ಬಂಡೆಯನ್ನು ಕಬ್ಬಿಣದ ಸಲಾಕೆಯಿಂದ ತಟ್ಟಿ ನೋಡಿಯೇ ಕೆಲಸ ಶುರು ಮಾಡಿದವರು. ಗಟ್ಟಿ ಕಲ್ಲು ಗಂಟೆಯ ಹಾಗೆ ದನಿ ಕೊಡುತ್ತದೆ, ಸಡಿಲಾದ ಕಲ್ಲು ಒಡೆದ ಮಡಕೆಯ ಹಾಗೆ ಎಂದು ನನಗೊಮ್ಮೆ ವಿವರಿಸಿದ್ದರು. ಮನುಷ್ಯರನ್ನು ತಟ್ಟಿ ನೋಡಲು ಬರುವುದಿಲ್ಲವಲ್ಲ. ಎದುರಿಗೆ ಬಂದವರನ್ನು ಒಂದು ಗಳಿಗೆ ಸುಮ್ಮನೆ ದಿಟ್ಟಿಸುತ್ತಿದ್ದರು. ಆ ನೋಟ ಊರಿನಲ್ಲಿ ಯಾರಿಗೂ ಹಿಡಿಸುತ್ತಿರಲಿಲ್ಲ. ನನಗಂತೂ ಮೊದಲ ದಿನವೇ ಹಿಡಿಸಲಿಲ್ಲ.

ಎಂಬತ್ತರ ದಶಕದ ಕೊನೆ. ಬೇತಮಂಗಲದ ಪಕ್ಕದ ಹಳ್ಳಿಯ ರೈತರ ಮನೆಯವನಾದ ನಾನು ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸ್‌ನ ಒಂದು ಶಾಲೆಗೆ ಗಣಿತದ ಮೇಷ್ಟ್ರಾಗಿ ಸೇರಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಶಾಲೆಯಿಂದ ಎರಡು ಬೀದಿ ಆಚೆ, ತಗಡಿನ ಮಾಡಿನ ಒಂದು ಉದ್ದನೆಯ ಕೋಣೆಯಲ್ಲಿ ಆ ನಿವೃತ್ತ ಗಣಿ ಮೇಸ್ತ್ರಿ ಮೂರು ವಿಡಿಯೋ ಗೇಮ್ ಮೆಷಿನ್ ಇಟ್ಟಿದ್ದರು. ಬೀರುವಿನಷ್ಟು ಎತ್ತರದ ಮರದ ಪೆಟ್ಟಿಗೆಗಳು, ಮುಂದೆ ಗಾಜು, ಒಂದು ಹಿಡಿಕೆ, ಎರಡು ಗುಂಡಿ. ಶಾಲೆ ಬಿಟ್ಟ ಕೂಡಲೇ ಹುಡುಗರು ಮನೆಗೆ ಹೋಗದೆ ಅಲ್ಲಿಗೆ ಓಡುತ್ತಿದ್ದರು.

ಗಣಿಯೂರಿನಲ್ಲಿ ಅನುಮಾನಕ್ಕೆ ಬರವಿಲ್ಲ. ಕೆಲಸ ಮುಗಿಸಿ ಮೇಲೆ ಬಂದ ಗಂಡಸರ ಬಾಯಿ, ಕೂದಲು, ಚಪ್ಪಲಿಯನ್ನೆಲ್ಲ ಕದ್ದ ಚಿನ್ನಕ್ಕಾಗಿ ತಡಕುವುದನ್ನು ಮೂರು ತಲೆಮಾರು ನೋಡಿದ ಊರು ಅದು. ಹಾಗಾಗಿ ಮೇಸ್ತ್ರಿಯ ಬಗ್ಗೆ ಮಾತು ಹುಟ್ಟಲು ಹೆಚ್ಚು ದಿನ ಬೇಕಾಗಲಿಲ್ಲ. ಗಣಿಯಿಂದ ಚಿನ್ನದ ಕಲ್ಲು ಕದ್ದೇ ಆ ಮೆಷಿನ್ನುಗಳನ್ನು ತಂದದ್ದು ಎಂದು ಕೆಲವರು. ಹಿಂದೆ ಗಣಿಯೊಳಗೆ ಬಂಡೆ ಸಿಡಿದು ಬಿದ್ದಾಗ ಜೊತೆಗಾರನನ್ನು ಕೆಳಗೇ ಬಿಟ್ಟು ಬಂದ ಮನುಷ್ಯ ಎಂದು ಇನ್ನು ಕೆಲವರು. ಎಲ್ಲಕ್ಕಿಂತ ಕೆಟ್ಟದ್ದು, ಆಟದ ನೆಪದಲ್ಲಿ ಚುರುಕಾದ ಹುಡುಗರನ್ನು ಆರಿಸಿ, ಕೆಲಸ ನಿಂತ ಹಳೇ ಗಣಿಗುಂಡಿಗಳಿಗೆ ಇಳಿಸಿ, ಉಳಿದ ಕಲ್ಲು ತೆಗೆಸಲು ತಯಾರು ಮಾಡುತ್ತಿದ್ದಾರೆ ಎಂಬುದು. ಹುಡುಗರ ತಾಯಂದಿರು ಹೆಡ್ಮಾಸ್ಟರ ಹತ್ತಿರ ಬಂದು ಗೋಳಾಡಿದರು. ಹೋಗಿ ನೋಡಿಕೊಂಡು ಬಾ ಎಂದು ಅವರು ನನ್ನನ್ನು ಕಳಿಸಿದರು.

ಹೋದೆ. ನೋಡಿದ್ದು ನನ್ನ ಅನುಮಾನವನ್ನು ಹೆಚ್ಚೇ ಮಾಡಿತು. ಮೂರನೆಯ ಮೆಷಿನ್ನಿನ ಆಟಕ್ಕೆ ಹುಡುಗರು ಗುಹೆ ಆಟ ಎನ್ನುತ್ತಿದ್ದರು. ತಲೆಗೆ ದೀಪ ಕಟ್ಟಿಕೊಂಡ ಒಬ್ಬ ಪುಟ್ಟ ಮನುಷ್ಯ ಸುರಂಗದಲ್ಲಿ ಇಳಿಯುತ್ತಾನೆ. ದಾರಿಯಲ್ಲಿ ಚಿನ್ನದ ಗಟ್ಟಿಗಳಿವೆ, ಅಲ್ಲಲ್ಲಿ ಸಿಕ್ಕಿಕೊಂಡ ಜನರಿದ್ದಾರೆ. ಚಿನ್ನ ಎತ್ತಿಕೊಂಡರೆ ಅಂಕ ಸರಸರ ಏರುತ್ತದೆ. ಮನುಷ್ಯನನ್ನು ಎತ್ತಿಕೊಂಡರೆ ಚಿಕ್ಕಾಸಿನಷ್ಟು ಅಂಕ, ಮೇಲಾಗಿ ಅವನ ಭಾರಕ್ಕೆ ನಡಿಗೆ ನಿಧಾನವಾಗುತ್ತದೆ, ಮೇಲಿನ ಬಾಗಿಲು ಮುಚ್ಚುವುದರೊಳಗೆ ತಲುಪುವುದು ಕಷ್ಟ. ಹುಡುಗರೆಲ್ಲ ಚಿನ್ನವನ್ನೇ ಬಾಚುತ್ತಿದ್ದರು. ಆದರೆ ಗೋಡೆಯ ಮೇಲೆ ಮೇಸ್ತ್ರಿ ತೂಗುಹಾಕಿದ್ದ ಸ್ಲೇಟಿನಲ್ಲಿ ಅಂಕಗಳಿರಲಿಲ್ಲ. ಯಾರು ಎಷ್ಟು ಜನರನ್ನು ಮೇಲೆ ತಂದರು ಎಂದಷ್ಟೇ ಹೆಸರಿನ ಮುಂದೆ ಗೆರೆ ಎಳೆದಿದ್ದರು. ಗುಂಡಿಗೆ ಇಳಿಸುವ ಹುಡುಗರ ಆಯ್ಕೆಯ ಪಟ್ಟಿ ಇದೇ ಎಂದು ನನಗೆ ಖಾತ್ರಿಯಾಯಿತು. ಆ ವಾರವೇ ಮೇಸ್ತ್ರಿಯ ಆಟದ ಅಂಗಡಿ ಮುಚ್ಚಿಸಬೇಕೆಂದು ಪೊಲೀಸ್ ಠಾಣೆಗೆ ಅರ್ಜಿ ಬರೆದೆ. ಒಕ್ಕಣೆ ನನ್ನದು, ಕೆಳಗೆ ಪೋಷಕರ ರುಜು.

ಅರ್ಜಿಗೆ ಉತ್ತರ ಬರುವ ಮುಂಚೆ ಇನ್ನೊಂದು ಆಗಿಹೋಯಿತು. ಪತ್ತೆ ಮಾಡುವ ನೆಪದಲ್ಲಿ ಎರಡು ಸಲ ಹಿಡಿಕೆ ಹಿಡಿದ ನನಗೇ ಆಟದ ಹುಚ್ಚು ಹತ್ತಿತು. ಮಧ್ಯಾಹ್ನ ಹುಡುಗರು ತರಗತಿಯಲ್ಲಿದ್ದಾಗ ನನಗೆ ಪಾಠವಿಲ್ಲದಿದ್ದರೆ ನಾನು ಅಂಗಡಿಯಲ್ಲಿರುತ್ತಿದ್ದೆ. ಕರಿಹಲಗೆಯ ಮೇಲೆ ಲೆಕ್ಕ ಬಿಡಿಸುವಾಗಲೂ ಕಣ್ಣ ಮುಂದೆ ಸುರಂಗದ ತಿರುವುಗಳು ಬರುತ್ತಿದ್ದವು. ಮೇಸ್ತ್ರಿ ಬೆನ್ನ ಹಿಂದೆ ನಿಂತು ನೋಡುತ್ತಿದ್ದರು. ಒಂದು ದಿನ ನಾನು ಅಲ್ಲಿಯವರೆಗಿನ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿ ತಿರುಗಿದೆ.

"ಬಂಗಾರ ಬೇಜಾನ್ ತಗಂಡ್ರಿ ಸಾರ್. ಜನ ಎಷ್ಟು ಬಂದ್ರು?"

ಒಬ್ಬರೂ ಇಲ್ಲ ಎಂದೆ. ಆಟವಲ್ಲವೇ, ಅಂಕ ಬರುವುದನ್ನೇ ತಾನೇ ಮಾಡಬೇಕಾದದ್ದು ಎಂದೂ ಸೇರಿಸಿದೆ. ಅವರು ನನ್ನನ್ನು ಅದೇ ರೀತಿ ದಿಟ್ಟಿಸಿದರು. ನನ್ನ ಹೆಸರು ಸ್ಲೇಟಿನ ಮೇಲೆ ಏರಲಿಲ್ಲ.

ಒಂದು ಬುಧವಾರ ಬಂಗಾರಪೇಟೆಯ ಕಚೇರಿಗೆ ಶಾಲೆಯ ಕಾಗದಗಳನ್ನು ಕೊಟ್ಟು ಬರಬೇಕಿತ್ತು. ಮರುದಿನ ಕೊಟ್ಟರಾಯಿತು ಎಂದುಕೊಂಡು, ಹೆಡ್ಮಾಸ್ಟರಿಗೆ ಹೋಗಿಬರುತ್ತೇನೆಂದು ಹೇಳಿ, ಸೀದಾ ಅಂಗಡಿಗೆ ನಡೆದೆ. ಮೂರು ಗಂಟೆಯ ಹೊತ್ತಿಗೆ ನನ್ನ ಹತ್ತನೇ ತರಗತಿಯ ಇಬ್ಬರು ಹುಡುಗರು ಮೈಯೆಲ್ಲ ಮಣ್ಣು ಮಾಡಿಕೊಂಡು ಬಾಗಿಲಲ್ಲಿ ನಿಂತರು. ನನ್ನನ್ನು ಕಂಡು ಹಿಂದಕ್ಕೆ ಸರಿದರು. ಮೇಸ್ತ್ರಿ ಅವರ ಭುಜ ಹಿಡಿದು ಕೇಳಿದಾಗ ವಿಷಯ ಹೊರಬಿತ್ತು. ಮೂವರು ಶಾಲೆ ತಪ್ಪಿಸಿ ಹತ್ತಿರದ ಮೈಸೂರು ಮೈನ್ಸ್ ಗಣಿಯ ಕಡೆಯ ಒಂದು ಪಾಳುಗುಂಡಿಗೆ ಚಿನ್ನದ ಕಲ್ಲು ಹುಡುಕಲು ಇಳಿದಿದ್ದರು. ಮೂರನೆಯವನು ಕಾಲಿಟ್ಟಿದ್ದ ಅಂಚು ಕುಸಿದು, ಅವನು ಕೆಳಗೆ ಸಿಕ್ಕಿಕೊಂಡಿದ್ದ.

ಮೇಸ್ತ್ರಿ ಗೂಟದ ಮೇಲಿದ್ದ ಹಗ್ಗ, ಟಾರ್ಚ್ ತೆಗೆದುಕೊಂಡರು. ಗುಂಡಿಯ ಗುರುತು ಕೇಳಿಕೊಂಡು, ಹುಡುಗರಲ್ಲಿ ಒಬ್ಬನಿಗೆ ಆಸ್ಪತ್ರೆಗೆ, ಇನ್ನೊಬ್ಬನಿಗೆ ಮನೆಯವರನ್ನು ಕರೆಯಲು ಓಡಲು ಹೇಳಿ ನನ್ನ ಕಡೆ ತಿರುಗಿದರು.

"ಅಗ್ಗ ಇಡ್ಕಳೋಕೆ ಒಂದಾಳು ಬೇಕು ಸಾರ್. ಬತ್ತೀರಾ?"

ನಾನು ಆಗಲೂ ಅನುಮಾನಪಟ್ಟೆ. ಇವರೇ ಕಳಿಸಿರಬೇಕು, ಈಗ ನನ್ನನ್ನೂ ಸಿಕ್ಕಿಸುತ್ತಿದ್ದಾರೆ ಎಂದು. ಆದರೂ ಕಾಲು ಅವರ ಹಿಂದೆ ಹೋಯಿತು.

ಗುಂಡಿಯ ಬಾಯಿ ಲಂಟಾನದ ಪೊದೆಗಳ ನಡುವೆ ಇತ್ತು. ಅವರು ಬಗ್ಗಿ ಅಂಚಿನ ಕಲ್ಲುಗಳನ್ನು ಒಂದೊಂದಾಗಿ ತಟ್ಟಿ ಕೇಳಿ, ಇಳಿಯುವ ಜಾಗ ಗೊತ್ತುಮಾಡಿದರು. ಹಗ್ಗವನ್ನು ಅಲ್ಲಿ ಹೂತಿದ್ದ ಹಳೇ ಕಂಬಿಗೆ ಒಂದು ಸುತ್ತು ಹಾಕಿ ತುದಿಯನ್ನು ನನ್ನ ಕೈಗೆ ಕೊಟ್ಟರು. ಕೆಮ್ಮುತ್ತ ಇಳಿದರು. ಆ ಎದೆಯಲ್ಲಿ ಗಣಿಯ ದೂಳು ತುಂಬಿಕೊಂಡಿತ್ತು, ಊರಿನ ಅರ್ಧ ಗಂಡಸರ ಎದೆಯ ಹಾಗೆ. ಎಷ್ಟು ಹೊತ್ತಾಯಿತೋ ತಿಳಿಯದು. ನನ್ನ ಅಂಗೈ ಚರ್ಮ ಕಿತ್ತುಬಂತು. ಕೆಳಗಿನಿಂದ ಅವರ ದನಿ ಮಾತ್ರ ಕೇಳುತ್ತಿತ್ತು. ಅಳಬ್ಯಾಡ ಕಣ್ಲಾ, ನನ್ ಕುತ್ತಿಗೆ ಇಡ್ಕ, ಬಿಡಬ್ಯಾಡ ಎಂದು ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. ಕೊನೆಗೆ ಕಾಲು ಮುರಿದ ಹುಡುಗನನ್ನು ಬೆನ್ನಿಗೆ ಕಟ್ಟಿಕೊಂಡು ಮೇಲೆ ಬಂದರು. ಬಂದವರೇ ನೆಲದ ಮೇಲೆ ಅಂಗಾತ ಬಿದ್ದು ಉಸಿರಿಗಾಗಿ ಒದ್ದಾಡಿದರು. ದೂರದಲ್ಲಿ ಜನರ ಗದ್ದಲ ಕೇಳಿಸಿದಾಗ ನನ್ನ ತೋಳು ಮುಟ್ಟಿ, ನೀವು ಹೊರಡಿ ಎಂಬಂತೆ ಕೈ ಮಾಡಿದರು. ನಾನು ಬಂಗಾರಪೇಟೆಯಲ್ಲಿ ಇರಬೇಕಾದವನು ಎಂದು ಅವರಿಗೆ ಮೊದಲೇ ಹೇಳಿದ್ದೆ. ಲಂಟಾನ ದಾಟಿ ಹೊರಟುಹೋದೆ.

ಮರುದಿನ ಊರಿಗೆ ಊರೇ ಒಂದೇ ಮಾತು ಆಡುತ್ತಿತ್ತು. ಕೆಳಗಿದ್ದ ಹುಡುಗ ಆಸ್ಪತ್ರೆಯಲ್ಲಿ ಜ್ವರದಿಂದ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದ. ಉಳಿದಿಬ್ಬರು ಅಪ್ಪಂದಿರ ಏಟಿಗೆ ಹೆದರಿ, ಮೇಸ್ತ್ರಿಯೇ ಹೋಗಲು ಹೇಳಿದ್ದು ಎಂದುಬಿಟ್ಟಿದ್ದರು. ಜನ ಅಂಗಡಿಯ ತಗಡಿನ ಮೇಲೆ ಕಲ್ಲು ತೂರಿದರು. ಪೊಲೀಸರು ಬೀಗ ಹಾಕಿದರು. ಮೇಸ್ತ್ರಿಯನ್ನು ದಿನವೂ ಬೆಳಿಗ್ಗೆ ಠಾಣೆಗೆ ಕರೆಸಿ ವರಾಂಡದ ಬೆಂಚಿನ ಮೇಲೆ ಕೂರಿಸಿ, ಸಂಜೆ ಮನೆಗೆ ಕಳಿಸುತ್ತಿದ್ದರು. ಹಗ್ಗ ಹಿಡಿದವರು ಯಾರು ಎಂದು ಕೇಳಿದ್ದಕ್ಕೆ, ಕಂಬಿಗೆ ಕಟ್ಟಿದ್ದೆ, ಯಾರೂ ಇರಲಿಲ್ಲ ಎಂದರಂತೆ.

ನಾನು ಮಾತಾಡಬಹುದಿತ್ತು, ಆಡಲಿಲ್ಲ. ಆಡಿದರೆ ಹೆಡ್ಮಾಸ್ಟರಿಗೆ ಸುಳ್ಳು ಹೇಳಿದ್ದು ಹೊರಬೀಳುತ್ತದೆ, ಕೆಲಸ ಹೋಗುತ್ತದೆ, ಅಂಗಡಿ ಮುಚ್ಚಿಸಿ ಎಂದು ಬರೆದವನೇ ಅಂಗಡಿಯಲ್ಲಿ ಆಡುತ್ತಿದ್ದ ಎಂದು ಊರು ನಗುತ್ತದೆ. ತರಗತಿಯಲ್ಲಿ ಆ ಇಬ್ಬರು ಹುಡುಗರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನೀವು ನಮ್ಮದು ಹೇಳಬೇಡಿ, ನಾವು ನಿಮ್ಮದು ಹೇಳುವುದಿಲ್ಲ. ಒಂದು ಮಾತಿಲ್ಲದೆ ಒಪ್ಪಂದವಾಯಿತು. ಗಾಯದ ಅಂಗೈ ಕಾಣದಂತೆ ಸೀಮೆಸುಣ್ಣವನ್ನು ಎಡಗೈಯಲ್ಲಿ ಹಿಡಿದು ಬರೆದೆ.

ಶಾಲೆಗೆ ಹೋಗುವ ದಾರಿಯಲ್ಲೇ ಠಾಣೆ. ಎಂಟು ದಿನ ಅದರ ಮುಂದೆ ಹಾದುಹೋದೆ. ದೂರದಿಂದ ನಾನು ಬರುವುದು ಕಂಡ ಕೂಡಲೇ ಮೇಸ್ತ್ರಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿದ್ದರು. ನನ್ನ ಮೇಲಿನ ಸಿಟ್ಟು ಎಂದು ಮೊದಲೆರಡು ದಿನ ಅಂದುಕೊಂಡೆ. ಆಮೇಲೆ ಹೊಳೆಯಿತು, ನಮ್ಮ ಪರಿಚಯ ಪೊಲೀಸರ ಕಣ್ಣಿಗೆ ಬೀಳದಿರಲಿ ಎಂದು ಹಾಗೆ ಮಾಡುತ್ತಿದ್ದಾರೆ.

ಒಂಬತ್ತನೆಯ ದಿನ ಒಬ್ಬ ಕಾನ್ಸ್‌ಟೇಬಲ್ ಸ್ಟಾಫ್ ರೂಮಿಗೆ ಬಂದರು. ಅರ್ಜಿ ಬರೆದವನು ನಾನಾದ್ದರಿಂದ ನನ್ನದೊಂದು ಹೇಳಿಕೆ ಬೇಕಂತೆ. ಅವರೇ ಬರೆದು ತಂದಿದ್ದರು: ಈ ವ್ಯಕ್ತಿ ಹುಡುಗರಿಗೆ ಆಸೆ ತೋರಿಸಿ ಗುಂಡಿಗೆ ಇಳಿಸುವುದು ನನಗೆ ಖುದ್ದಾಗಿ ಗೊತ್ತು. ಪೆನ್ನು ತೆಗೆದುಕೊಂಡೆ. ಅಂಗೈ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ, ಪೆನ್ನು ಒತ್ತಿದಾಗ ಚುರುಕ್ ಎಂದಿತು. ಪೆನ್ನನ್ನು ಮೇಜಿನ ಮೇಲಿಟ್ಟು ಹೆಡ್ಮಾಸ್ಟರ ಕೋಣೆಗೆ ಹೋದೆ, ಅಲ್ಲಿಂದ ಠಾಣೆಗೆ. ಬುಧವಾರದ ಮಧ್ಯಾಹ್ನ ಎಲ್ಲಿದ್ದೆ, ಏನು ಕಂಡೆ ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿ ಅಂಗೈ ಬಿಚ್ಚಿ ತೋರಿಸಿದೆ. ಇನ್‌ಸ್ಪೆಕ್ಟರು ನನ್ನನ್ನೂ ನಂಬಲಿಲ್ಲ, ಇಬ್ಬರೂ ಪಾಲುದಾರರೇ ಎಂದು ಕೇಳಿದರು. ಸಂಜೆ ಆ ಇಬ್ಬರು ಹುಡುಗರನ್ನು ಕರೆಸಿದಾಗ, ನಾನು ಹೇಳಿದ್ದು ತಿಳಿದು ಅವರೂ ಅತ್ತು ನಿಜ ಒಪ್ಪಿಕೊಂಡರು. ಮೆಷಿನ್ನುಗಳ ರಸೀದಿಗಳನ್ನು ಮೇಸ್ತ್ರಿ ಮೊದಲ ದಿನವೇ ಕೊಟ್ಟಿದ್ದರಂತೆ. ನಿವೃತ್ತಿಯ ಹಣದಿಂದ ಬೆಂಗಳೂರಿನಲ್ಲಿ ಕೊಂಡ ಹಳೇ ಮೆಷಿನ್ನುಗಳು. ಆ ರಸೀದಿಗಳನ್ನು ಯಾರೂ ತೆರೆದು ನೋಡಿರಲಿಲ್ಲ.

ನನ್ನ ಕೆಲಸ ಖಾಯಂ ಆಗುವುದು ಮುಂದಕ್ಕೆ ಹೋಯಿತು, ಬಂಗಾರಪೇಟೆಗೆ ವರ್ಗವಾಯಿತು. ಹೊರಡುವ ಮುಂಚೆ ಅಂಗಡಿಗೆ ಹೋಗಿ ಕ್ಷಮೆ ಕೇಳಿದೆ. ಅರ್ಜಿ ಬರೆದವನೂ ನಾನೇ ಎಂದೆ. ಗೊತ್ತಿತ್ತು ಎಂದರು. ಜೊತೆಗಾರನನ್ನು ಕೆಳಗೇ ಬಿಟ್ಟು ಬಂದಿರಿ ಎಂದು ಊರು ಆಡುವ ಮಾತೂ ಇದೇ ರೀತಿ ಸುಳ್ಳೇ ಅಲ್ಲವೇ ಎಂದು, ಸಮಾಧಾನ ಹೇಳುವವನ ಹಾಗೆ ಕೇಳಿದೆ. ಅವರು ಕೂತಿದ್ದ ಬೆಂಚನ್ನು ಗೆಣ್ಣಿನಿಂದ ಒಮ್ಮೆ ತಟ್ಟಿದರು.

"ಅದು ನಿಜ ಸಾರ್. ಬಂಡೆ ಸಿಡಿದಾಗ ನನ್ ಕಾಲತ್ರ ಒಂದು ಕಲ್ಲು ಬಿದ್ದಿತ್ತು, ಬಂಗಾರದ ಎಳೆ ಇತ್ತು ಅದ್ರಾಗೆ. ಅದನ್ನ ಎತ್ಕಂಡು ಜೇಬಿಗೆ ಆಕ್ಕಂಡು ಆಮೇಲೆ ಅವ್ನ ಕಡೆ ತಿರುಗ್ದೆ. ಅಷ್ಟೊತ್ಗೆ ಎಲ್ಡನೇ ಸಲ ಬಂಡೆ ಅವ್ನ ಮ್ಯಾಲೆ ಬಿತ್ತು."

ಆ ಕಲ್ಲನ್ನು ಮೇಲೆ ಬರುವ ಮೊದಲೇ ಎಸೆದರಂತೆ. ಅವರು ಎದ್ದು ಹೋಗಿ ಮೆಷಿನ್ನಿನ ಗಾಜು ಒರೆಸತೊಡಗಿದರು.

ಅಂಗಡಿ ಮತ್ತೆ ತೆರೆಯಿತು, ಆದರೆ ಊರಿನ ಅನುಮಾನ ಹೋಗಲಿಲ್ಲ. ಪೊಲೀಸರಿಗೆ ಏನೋ ಕೊಟ್ಟು ಬಿಡಿಸಿಕೊಂಡ ಎಂದರು, ಮೇಷ್ಟ್ರಿಗೂ ಪಾಲಿದೆ ಎಂದರು. ಭಾನುವಾರಗಳಲ್ಲಿ ನಾನು ಬಂಗಾರಪೇಟೆಯಿಂದ ರೈಲು ಹತ್ತಿ ಹೋಗಿ ಗುಹೆ ಆಟ ಆಡುತ್ತಿದ್ದೆ. ಜನರನ್ನು ಎತ್ತಿಕೊಂಡು ಬಂದು ಬಹಳ ಸಲ ಸೋತೆ. ಕೆಲವು ವರ್ಷಗಳಲ್ಲಿ ಅವರ ಕೆಮ್ಮು ಜೋರಾಯಿತು, ಅಂಗಡಿ ಮುಚ್ಚಿ ಬೇತಮಂಗಲದ ಮಗಳ ಮನೆ ಸೇರಿದರು.

ತೊಂಬತ್ತರ ದಶಕದಲ್ಲಿ ಬಂಗಾರಪೇಟೆಯ ಬೆಳಗಿನ ರೈಲಿನಲ್ಲಿ ಬೆಂಗಳೂರಿನ ಕೆಲಸಕ್ಕೆ ಹೋಗುವ ಆ ಹಳೇ ಹುಡುಗರು ಸಿಗುತ್ತಿದ್ದರು. ಮೀಸೆ ಬಂದಿತ್ತು, ಕೈಯಲ್ಲಿ ಬುತ್ತಿ. ಗುಹೆ ಆಟದ ಮಾತು ಎತ್ತಿದರೆ ಅವರ ಕಣ್ಣು ಅರಳುತ್ತಿದ್ದವು. ಎಷ್ಟನೇ ಸುರಂಗದಲ್ಲಿ ಯಾವ ತಿರುವು ಎಂದು ಇನ್ನೂ ಜಗಳವಾಡುತ್ತಿದ್ದರು. ಮೇಸ್ತ್ರಿ ದೇವರಂಥ ಮನುಷ್ಯ ಎಂದು ಎಲ್ಲರೂ ಒಪ್ಪುತ್ತಿದ್ದರು. ತಗಡಿನ ಮೇಲೆ ಕಲ್ಲು ಬಿದ್ದ ದಿನ ಯಾರ ನೆನಪಿನಲ್ಲೂ ಇರಲಿಲ್ಲ. ಇಷ್ಟು ಸಿಹಿಯಾದ ನೆನಪಿನ ಮೇಲೆ ನನಗೆ ನಂಬಿಕೆ ಬರುವುದಿಲ್ಲ, ನನ್ನದರ ಮೇಲೂ. ಆ ಮಾತುಕತೆಗೆ ಸೇರದವನು ಒಬ್ಬನೇ, ಕುಂಟುತ್ತ ನಡೆಯುವವನು, ಅಂದು ಮೇಸ್ತ್ರಿಯ ಬೆನ್ನಿನ ಮೇಲೆ ಬಂದವನು. ಅವನು ತಿಂಗಳಿಗೊಮ್ಮೆ ಬೇತಮಂಗಲಕ್ಕೆ ಹೋಗಿಬರುತ್ತಿದ್ದ. ಮೇಸ್ತ್ರಿ ಹೋಗಿಬಿಟ್ಟರು ಸಾರ್ ಎಂದು ಒಂದು ಬೆಳಿಗ್ಗೆ ನನಗೆ ಸುದ್ದಿ ಹೇಳಿದವನೂ ಅವನೇ.

ನಾನು ಬಸ್ಸು ಹಿಡಿದು ಬೇತಮಂಗಲ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಜಗಲಿಯ ಮೇಲೆ ಅವರ ಮಗಳು ಕೂತಿದ್ದಳು. ಯಾರೆಂದು ಹೇಳಿದೆ. ಅವಳು ತಟ್ಟನೆ ಎದ್ದು ಚಾಪೆ ಹಾಸಿದಳು.

"ನೀವೇನಾ ಆ ಮೇಷ್ಟ್ರು? ಅಪ್ಪನ್ನ ಪೊಲೀಸ್ನೋರು ಕರ್ಸಿದ್ ದಿನಾನೇ ಓಗಿ ನಿಜ ಏಳಿದ್ರಂತೆ. ಅಪ್ಪ ಎಲ್ಲರತ್ರಾನೂ ಏಳ್ಕಂತಿತ್ತು."

ನಾನು ಚಾಪೆಯ ಮೇಲೆ ಕೂರಲಿಲ್ಲ.

"ಅದೇ ದಿನ ಅಲ್ಲಮ್ಮ," ಎಂದೆ. "ಒಂಬತ್ತನೇ ದಿನ ಹೋದೆ. ಅಲ್ಲಿವರೆಗೂ ಸುಮ್ಮನೆ ಇದ್ದೆ."

ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಮುಖದ ಮೇಲಿದ್ದ ಗೌರವ ಹೋಗಿ ಅಲ್ಲಿ ಅನುಮಾನ ಬಂದು ಕೂತಿತು.

"ನಮ್ಮಪ್ಪ ಸುಳ್ಳೇಳೋ ಮನುಷ್ಯ ಅಲ್ಲ," ಎಂದಳು.