ಅಳಿಯಂದಿರು ಹೊಗೆ ಹಾಕಿದ ಸಂಜೆ

ಶಾಂತಿಗ್ರಾಮದ ಸುಬ್ಬಮ್ಮನ ಮನೆಯಲ್ಲಿ ಸೊಳ್ಳೆಬತ್ತಿ ಹಚ್ಚುವಂತಿಲ್ಲ. ಮೈಗೆ ಪೌಡರ್ ಬಳಿದುಕೊಂಡವರು, ಬೀಡಿ ಸೇದಿದವರು ಹಿತ್ತಲಿನ ಹುಳುಮನೆಯ ಹೊಸ್ತಿಲು ತುಳಿದರೋ, ಅವರ ಜನ್ಮ ಜಾಲಾಡಿಬಿಡುತ್ತಾಳೆ. ರೇಷ್ಮೆಹುಳುವಿನ ಜಾಯಮಾನವೇ ಹಾಗೆ. ಸೊಳ್ಳೆಗೆಂದು ಹಾಕಿದ ವಿಷ ಸೊಳ್ಳೆಗಿಂತ ಮೊದಲು ಅದಕ್ಕೇ ತಗಲುತ್ತದೆ. ಮದುವೆಯಾಗಿ ಬಂದಾಗಿನಿಂದ ಈ ಹುಳು ಸಾಕಿಯೇ ಅವಳು ಮನೆ ನಿಲ್ಲಿಸಿದ್ದು, ಮಗಳನ್ನು ಓದಿಸಿದ್ದು. ಸೊಳ್ಳೆ ಕಚ್ಚಿತೋ, ಕೆರೆದುಕೊಂಡು ಮಗ್ಗುಲಾಗಬೇಕು, ಅಷ್ಟೇ.

ಈ ಸಲದ ಬೆಳೆಯಂತೂ ದೃಷ್ಟಿ ತಾಕುವ ಹಾಗಿತ್ತು. ಕೊನೆಯ ಪೊರೆ ಬಿಟ್ಟು ಎದ್ದ ಹುಳುಗಳು ಬೆರಳುಗಾತ್ರ ಊದಿಕೊಂಡು, ತಟ್ಟೆ ತಟ್ಟೆಯಲ್ಲೂ ಸರಸರ ಸೊಪ್ಪು ಮೇಯುತ್ತಿದ್ದವು. ನಾಳೆಯೋ ನಾಡಿದ್ದೋ ಹಣ್ಣಾಗಿ ಗೂಡು ಕಟ್ಟಲು ಶುರುವಿಡಬೇಕು. ಸುಬ್ಬಮ್ಮ ದಿನಕ್ಕೆ ಎಷ್ಟು ಸಲ ಅವುಗಳ ಮುಂದೆ ಹೋಗಿ ನಿಲ್ಲುತ್ತಿದ್ದಳೋ ಅವಳಿಗೇ ಲೆಕ್ಕವಿರಲಿಲ್ಲ.

ಅಂಥ ಹೊತ್ತಿನಲ್ಲಿ ಬಂದರಲ್ಲ ಅಳಿಯಂದಿರು! ಮಗಳು ರೂಪಶ್ರೀ ಬಾಣಂತನಕ್ಕೆ ಬಂದಿದ್ದಳು. ಕೂಸನ್ನು ನೋಡಲು ಅವಳ ಗಂಡ ಹರ್ಷವರ್ಧನ್ ಹಾಸನದಿಂದ ಕಾರಿನಲ್ಲಿ ಬಂದಿಳಿದ. ಇಳಿದವನೇ ಮೂಗಿಗೆ ಕರ್ಚೀಪು ಒತ್ತಿಕೊಂಡು, "ಏನತ್ತೆ, ಈ ವಾಸನೆಯಲ್ಲಿ ಹೇಗಿರ್ತೀರ?" ಅಂದ. ಸುಬ್ಬಮ್ಮನಿಗೆ ಮೈ ಉರಿದುಹೋಯಿತು. ಆದರೇನು ಮಾಡುವುದು, ಅಳಿಯ! ಆ ಸೀಮೆಯಲ್ಲಿ ಅಳಿಯನಿಗೆ ಎದುರು ಮಾತಾಡಿದವರುಂಟೇ? ಹಲ್ಲು ಕಿರಿದು ಕಾಫಿಗೆ ನೀರಿಟ್ಟಳು. ಕೂಸಿನ ಕೆನ್ನೆಯ ಮೇಲೆ ಸೊಳ್ಳೆ ಕಚ್ಚಿದ ಗುಳ್ಳೆ ನೋಡಿ ಅವನು, "ಎಲ್ಲ ಕಡೆ ಡೆಂಗೀ ಅಂತಿದಾರೆ, ಇಲ್ಲಿ ನೋಡಿದ್ರೆ ಒಂದು ಬತ್ತೀನೂ ಇಲ್ಲ" ಎಂದು ಗೊಣಗಿದ. ಹೆತ್ತಪ್ಪನ ಸಂಕಟ, ಅದನ್ನು ತಪ್ಪೆನ್ನಲಾಗದು.

ಸಂಜೆ ಸುಬ್ಬಮ್ಮ ಹುಳುಮನೆಯ ಕಡೆ ಒಂದು ಕಣ್ಣಿಟ್ಟಿರು ಎಂದು ಗಂಡ ಪುಟ್ಟರಾಜುವಿಗೆ ಹೇಳಿ, ಸೊಪ್ಪು ಕುಯ್ಯಲು ತೋಟಕ್ಕೆ ಹೋದಳು. ಹೊರೆ ಹೊತ್ತು ಮರಳುವಾಗ ಬೀದಿಯ ತಿರುವಿನಲ್ಲೇ ಡೀಸೆಲ್ಲಿನ ಘಾಟು ಮೂಗಿಗೆ ಬಡಿಯಿತು. ಮನೆಯ ಸುತ್ತ ಬೆಳ್ಳನೆಯ ಹೊಗೆ. ಅಳಿಯ ತನ್ನ ಕಾರಿನಲ್ಲಿ ತಂದಿದ್ದ, ಸೊಳ್ಳೆ ಕೊಲ್ಲುವ ಬಂದೂಕಿನಂಥ ಹೊಗೆ ಮಿಷನ್ನಿನ ಮೂತಿಯನ್ನು ಹುಳುಮನೆಯ ಕಿಟಕಿಗೇ ಹಿಡಿದಿದ್ದಾನೆ. ಕಿಟಕಿಗೆ ಇಳಿಬಿಟ್ಟಿದ್ದ ಗೋಣಿತಾಟನ್ನು ಅವನಿಗೆ ಅನುಕೂಲವಾಗಲೆಂದು ಎತ್ತಿ ಹಿಡಿದು ನಿಂತಿದ್ದಾನೆ, ಯಾರು, ಪುಟ್ಟರಾಜು!

ಹೊರೆ ಅಲ್ಲೇ ಬಿತ್ತು. ಒಳಗೆ ಓಡಿದಳು. ಹುಳುಗಳು ತಲೆಯೆತ್ತಿ ಅತ್ತಿತ್ತ ಒದ್ದಾಡುತ್ತ, ಬಾಯಿಂದ ಹಸಿರು ನೀರು ಕಕ್ಕುತ್ತಿದ್ದವು. ಕಕ್ಕಿದ್ದರಲ್ಲೇ ಹೊರಳಿ, ಒಂದರ ಮೇಲೊಂದು ಅಂಟಿಕೊಂಡು, ಮೈ ಕುಗ್ಗಿಸಿ ಸುಮ್ಮನಾದವು. ಎತ್ತಿಕೊಂಡರೆ ಕೈಯೆಲ್ಲ ಲೋಳೆ. ದೀಪ ಹಚ್ಚುವಷ್ಟರಲ್ಲಿ ಯಾವ ತಟ್ಟೆಯಲ್ಲೂ ಮೇಯುವ ಸದ್ದು ಉಳಿಯಲಿಲ್ಲ.

ಗಂಡ ಹಿಂದೆಯೇ ಬಂದು ನಿಂತ.

"ಇದಕ್ಕೆ ಒಗೆ ಆಗಾಕಿಲ್ಲ ಅಂತ ನಿಂಗ್ ಗೊತ್ತಿರ್ನಿಲ್ವಾ?"

"ಗೊತ್ತಿತ್ತು ಕಣೆ. ಅಳಿಯಂದ್ರಿಗೆ ಬ್ಯಾಡ ಅಂತ ಎಂಗೇಳದು? ಬೇಜಾರ್ ಮಾಡ್ಕಂಡ್ಬುಟ್ರೆ?" ಪುಟ್ಟರಾಜು ದನಿ ತಗ್ಗಿಸಿದ. "ನೀನೂ ಈಗ ಕೂಗಾಡ್ಬ್ಯಾಡ, ಸುಮ್ಕಿರು. ಕೋಳಿ ಕುಯ್ತೀನಿ, ಉಂಡ್ಕಂಡು ಓಯ್ತಾರೆ."

ಹುಳುವಿನ ಹಿಕ್ಕೆ, ಕೊಳೆತ ಸೊಪ್ಪು, ರೋಗ ಬಂದು ಸತ್ತ ಹುಳು, ಇವನ್ನೆಲ್ಲ ಬರಿಗೈಯಲ್ಲಿ ಬಾಚಿದವಳು ಸುಬ್ಬಮ್ಮ, ಯಾವತ್ತೂ ಅಸಹ್ಯಪಟ್ಟವಳಲ್ಲ. ಈಗ ಮಾತ್ರ ಗಂಡನ ಮುಖ ನೋಡಿ ಹೇಸಿಗೆಯಾಯಿತು. ಇವನ ಜೊತೆ ಇಷ್ಟು ಕಾಲ ಉಂಡು ಮಲಗಿದೆನಲ್ಲ ಅನ್ನಿಸಿತು. ಒಂದು ಬುಟ್ಟಿ ತುಂಬ ಹುಳು ಬಾಚಿಕೊಂಡು ನೇರ ಪಡಸಾಲೆಗೆ ನಡೆದಳು. ಗಂಡ ಸೆರಗು ಹಿಡಿದು ಎಳೆದ, ನಿಲ್ಲಲಿಲ್ಲ. ಬುಟ್ಟಿಯನ್ನು ಅಳಿಯನ ಮುಂದಿಟ್ಟಳು.

"ನೋಡಿ ಅಳಿಯಂದ್ರೆ. ನಿಮ್ಮೊಗೆ ಕುಡ್ದು ಸತ್ತವು. ಒಂದೂ ಉಳಿನಿಲ್ಲ."

ಹರ್ಷವರ್ಧನನ ಮುಖ ಬಿಳಿಚಿಕೊಂಡಿತು. "ಅಯ್ಯೋ ಅತ್ತೆ, ನನಗೇನು ಗೊತ್ತು! ಅಲ್ಲೇ ಸೊಳ್ಳೆ ಜಾಸ್ತಿ ಅನ್ನಿಸ್ತು. ಇಲ್ಲೂ ಹೊಡೀಲಾ ಅಂತ ಮಾವನ್ನ ಕೇಳ್ದೆ. ಹೊಡೀರಿ ಅಂದ್ರು. ಒಂದು ಮಾತು ಬೇಡ ಅಂದಿದ್ರೆ ಆಫ್ ಮಾಡ್ತಿದ್ನಲ್ಲ!"

ರೂಪಶ್ರೀ ಅಪ್ಪನ ಕಡೆ ನೋಡಿದಳು. ಪುಟ್ಟರಾಜು ಕೈ ಹೊಸೆಯುತ್ತ ನಕ್ಕ. "ಅಯ್, ಬುಡಿ ಅಳಿಯಂದ್ರೆ, ಏನೂ ಆಗಿಲ್ಲ. ಉಳ ತಾನೆ."

"ಥೂ!" ಸುಬ್ಬಮ್ಮ ಬುಟ್ಟಿಯನ್ನೆತ್ತಿ ಗಂಡನ ಎದೆಗೇ ಒತ್ತಿದಳು. ಹಸಿರು ನೀರು ಅವನ ಅಂಗಿಯ ಮೇಲೆ ಇಳಿಯಿತು. "ಏನೂ ಆಗಿಲ್ವಂತೆ! ಓಗು, ಎಲ್ಲಾ ತಟ್ಟೇನೂ ಕೈಯಲ್ಲೇ ಬಾಚು. ಅಳಿಯಂದ್ರು ಕಾಣ್ದೆ ಮಾಡುದ್ರು. ನೀನು ಕಂಡೂ ಕಂಡೂ ತಾಟು ಎತ್ತಿ ಇಡ್ಕಂಡಿದ್ದೆ."